ಹಿತ್ತಾಳೆ ಕತ್ತೆಗೆ ಹುಣಸೆಹಣ್ಣು

ಕೆಲಸಕ್ಕೆಂದು ವಿಯೆನ್ನಾಗೆ ಬಂದ ವರ್ಷ ನಾನು ಕೊಂಡ ಮೊದಲ ಗೊಂಬೆ ಒಂದು ಕತ್ತೆ. ಹೆಬ್ಬೆರಳಿನಷ್ಟು ಉದ್ದ. ನಾಶ್‌ಮಾರ್ಕ್ಟ್ ಪಕ್ಕ ಶನಿವಾರ ಸೇರುವ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿತ್ತು. ಮೈಯೆಲ್ಲ ಕಪ್ಪು, ಕಿವಿ ಮತ್ತು ಬೆನ್ನು ಮಾತ್ರ ಹಳದಿ. ಕಿಲುಬು ಹಿಡಿದಿದೆ ಅಂದುಕೊಂಡೆ. ಅಮ್ಮ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ತಿಕ್ಕಿದೆ. ಫಳಫಳ ಅಂತು. ಮುಂದಿನ ವಾರ ಮಾರಿದ ಅಜ್ಜನಿಗೆ ಹೆಮ್ಮೆಯಿಂದ ತೋರಿಸಿದರೆ, ಅವರು ತಲೆ ಮೇಲೆ ಕೈ ಹೊತ್ತರು.

ಆ ಕಪ್ಪನ್ನು ಬೇಕೆಂದೇ ಹಾಕಿರುತ್ತಾರೆ! ಇಂಥ ಗೊಂಬೆಗಳನ್ನು ರೂಪಿಸಿದ ವಿಯೆನ್ನಾದ ಕಲಾವಿದ ವಾಲ್ಟರ್ ಬೋಸ್ಸೆ (1904–1979) ಮೊದಲು ಸೆರಾಮಿಕ್ ಪ್ರಾಣಿಗಳನ್ನು ಮಾಡುತ್ತಿದ್ದವರು, ಆಮೇಲೆ ಹಿತ್ತಾಳೆಗೆ ಬಂದರು. ಎರಕ ಹೊಯ್ದ ಗೊಂಬೆಗೆ ಪೂರ್ತಿ ಕಪ್ಪು ಹಿಡಿಸಿ, ಉಬ್ಬಿದ ಕಡೆ ಮಾತ್ರ ಉಜ್ಜಿ ಹಿತ್ತಾಳೆ ಇಣುಕುವಂತೆ ಮಾಡುವುದು ಅವರ ಶೈಲಿ. ನಾನು ತಿಕ್ಕಿ ತೆಗೆದದ್ದು ಅದನ್ನೇ. ಈಗ ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸುತ್ತೇನೆ, ಅಷ್ಟೇ.

ಗೊಂಬೆ ವಿಯೆನ್ನಾದ ಇನ್ನೊಂದು ಹೆಸರು, ಹಾಗೆನೌವರ್ ಕಾರ್ಖಾನೆಯದ್ದಾದರೆ ಗುರುತು ಸುಲಭ. 1898ರಲ್ಲಿ ಶುರುವಾಗಿ 1987ರವರೆಗೆ ನಡೆದದ್ದು. ತಳದಲ್ಲಿ ವೃತ್ತದೊಳಗೆ ಡಬ್ಲ್ಯೂ-ಎಚ್-ಡಬ್ಲ್ಯೂ ಮುದ್ರೆ ನೋಡುತ್ತೇನೆ. ಬೋಸ್ಸೆ ಗೊಂಬೆಗಳದ್ದೇ ತಲೆನೋವು, ಎಷ್ಟೋ ಸಲ ಮುದ್ರೆಯೇ ಇರುವುದಿಲ್ಲ. ಅದರಲ್ಲೂ ಒಂದರೊಳಗೊಂದು ಕೂರುವ ಆರು ಹೆಜ್‌ಹಾಗ್ ಆಶ್‌ಟ್ರೇಗಳ ಸೆಟ್. ನಮ್ಮ ಮುಳ್ಳುಹಂದಿಗೆ ಪುಟ್ಟ ತಮ್ಮನಿದ್ದ ಹಾಗಿರುತ್ತವೆ. ಇದನ್ನು ಎಷ್ಟು ಜನ ನಕಲು ಹೊಡೆದರೆಂದರೆ, ಬೋಸ್ಸೆ ಕೋರ್ಟು ಹತ್ತಬೇಕಾಯಿತು.

ನಾನೂ ಒಂದು ನಕಲಿ ಸೆಟ್ ತಂದವನೇ. ಆಮೇಲೆ ಕಲಿತದ್ದು: ಅಸಲಿಯಿಂದಲೇ ಅಚ್ಚು ತೆಗೆದು ಹೊಯ್ದರೆ ಲೋಹ ಆರುವಾಗ ಕುಗ್ಗಿ, ಗೊಂಬೆ ಒಂದು ಕೂದಲೆಳೆ ಚಿಕ್ಕದಾಗುತ್ತದೆ. ಗೆರೆಗಳೂ ಮಬ್ಬಾಗುತ್ತವೆ, ಸವೆದ ಸಾಬೂನಿನ ಹಾಗೆ. ಹಾಗಾಗಿ ಈಗ ಜೇಬಿನಲ್ಲಿ ಕ್ಯಾಲಿಪರ್ ಇರುತ್ತದೆ. ಅಳತೆ ಗೊತ್ತಿರುವ ಗೊಂಬೆಯ ಜೊತೆ ತಾಳೆ ನೋಡುತ್ತೇನೆ. ತಳ, ಕಾಲುಗಳ ಸಂದು ತಿರುಗಿಸಿ ನೋಡುತ್ತೇನೆ. ಅರ ಹಾಕದೆ ಬಿಟ್ಟ ಒರಟು ಅಂಚಿದ್ದರೆ ಸುಮ್ನೆ ಕೆಳಗಿಡುತ್ತೇನೆ. ಮಾರುವವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಕತ್ತೆಯನ್ನು ಮಾರಲಿಲ್ಲ. ಕಪಾಟಿನಲ್ಲಿ ಇಪ್ಪತ್ತು ಕರಿ ಪ್ರಾಣಿಗಳ ನಡುವೆ ಅದೊಂದೇ ಹಳದಿ. ವಿಡಿಯೋ ಕಾಲ್‌ನಲ್ಲಿ ಅಮ್ಮ ಅದನ್ನು ಮಾತ್ರ ಮೆಚ್ಚುತ್ತಾರೆ. "ಉಳಿದವನ್ನೂ ಒಂದ್ಸಲ ಬೆಳಗೋ, ನೋಡೋಕಾಗಲ್ಲ."