ನುಡಿ ಫಾಂಟಿನಲ್ಲಿದ್ದ ಕಾದಂಬರಿಯನ್ನು ದಾರಿಗೆ ತಂದದ್ದು

ತುಂಗಭದ್ರಾ ಅಣೆಕಟ್ಟೆಯಲ್ಲಿ ಮುಳುಗಿದ ಊರೊಂದರ ಕಥೆ ನನ್ನ ಕಾದಂಬರಿ. ಮೊದಲ ಅಧ್ಯಾಯಗಳನ್ನು ಕೊಪ್ಪಳದ ಡಿಟಿಪಿ ಅಂಗಡಿಯೊಂದರಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಗೂಗಲ್ ಡಾಕ್ಸ್‌ಗೆ ಏರಿಸಿದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ.

ಕಡತವೇನೂ ಕೆಟ್ಟಿರಲಿಲ್ಲ. ಆಸ್ಕಿ ಫಾಂಟಿನ ಬರಹದಲ್ಲಿ ಒಳಗಿರುವುದು ರೋಮನ್ ಸಂಕೇತಗಳೇ, ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೆ. ಆನ್‌ಲೈನ್ ಪರಿವರ್ತಕದಲ್ಲಿ ಒಂದೊಂದೇ ಅಧ್ಯಾಯವನ್ನು ಅಂಟಿಸಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ತಂದೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಬಂದವು. ಅವನ್ನು ಮುದ್ರಿತ ಪ್ರತಿ ನೋಡಿ ಕೈಯಿಂದಲೇ ತಿದ್ದಬೇಕು. ಅರ್ಕಾವೊತ್ತುಗಳ ಮೇಲೂ ಒಂದು ಕಣ್ಣಿರಲಿ.

ಅಧ್ಯಾಯಗಳ ಹೆಸರಿಗೆ ‘ಹೆಡಿಂಗ್ 1’ ಶೈಲಿ ಕೊಟ್ಟ ಕೂಡಲೇ ಎಡಬದಿಯಲ್ಲಿ ಪರಿವಿಡಿ ತಾನಾಗಿ ಮೂಡಿತು.

ನಿಜವಾದ ಲಾಭ ಗೂಗಲ್ ಶೀಟ್ಸ್‌ನಿಂದ. ಒಂದು ಕಾಲಂನಲ್ಲಿ ಘಟನೆಯ ವರ್ಷ, ಪಕ್ಕದಲ್ಲಿ ಪಾತ್ರ ಹುಟ್ಟಿದ ವರ್ಷ, ಮೂರನೆಯದರಲ್ಲಿ ಕಳೆದು ವಯಸ್ಸು ತೋರಿಸುವ ಸೂತ್ರ. ಕಟ್ಟೆಯ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. 1940ರಲ್ಲಿ ಹುಟ್ಟಿದ ನನ್ನ ಹುಲಿಗೆಮ್ಮನಿಗೆ ಆಗ ಹದಿಮೂರು ವರ್ಷ. ಏಳನೆಯ ಅಧ್ಯಾಯದಲ್ಲಿ ನೋಡಿದರೆ ಅವಳ ಕಂಕುಳಲ್ಲಿ ಮೂರು ವರ್ಷದ ಕೂಸು! ಕೂಸನ್ನು ಅವಳ ಅಕ್ಕನಿಗೆ ಕೊಟ್ಟೆ, ಕಥೆಗೂ ಅದೇ ಒಪ್ಪಿತು.

ದೊಡ್ಡ ತಿದ್ದುಪಡಿಗೆ ಮೊದಲು ಡಾಕ್ಸ್‌ನ ‘ವರ್ಷನ್ ಹಿಸ್ಟರಿ’ಯಲ್ಲಿ ಆ ಪ್ರತಿಗೊಂದು ಹೆಸರಿಡುತ್ತೇನೆ, ಬೇಡವೆನಿಸಿದರೆ ಹಿಂದಿರುಗಬಹುದು. ಸಂಭಾಷಣೆಯನ್ನು ಕೃತಕ ಬುದ್ಧಿಮತ್ತೆಯಿಂದಲೂ ಬರೆಸಿ ನೋಡಿದೆ. ಅಣೆಕಟ್ಟೆಯ ಬಳಿಯ ಮುನಿರಾಬಾದಿನ ಕೂಲಿಯವರೆಲ್ಲ ಬೆಂಗಳೂರಿನ ಅಧಿಕಾರಿಗಳಂತೆ ಮಾತನಾಡಿದರು. ಅಷ್ಟನ್ನೂ ಅಳಿಸಿದೆ.