ಸ್ಪ್ಯಾನಿಷ್ ಕ್ರಿಯಾಪದ ನಾಲಿಗೆಗೆ ಹತ್ತಿದ್ದು ಹೀಗೆ

ಕೊಂಪ್ರಾರ್, ಅಂದರೆ ಕೊಳ್ಳುವುದು. ಅದರ ರೂಪಗಳ ಕೋಷ್ಟಕ ಪೂರ್ತಿ ಬಾಯಿಪಾಠ. ಆದರೂ ಒಂದು ವಾಕ್ಯ ಹೇಳಬೇಕೆಂದರೆ ಯೊ (ನಾನು), ತು (ನೀನು), ಎಲ್ (ಅವನು) ಅಂತ ಮೊದಲಿಂದ ಎಣಿಸಬೇಕಿತ್ತು. ಸರ್ವನಾಮಗಳನ್ನೇ ಬಿಟ್ಟೆ, ಅರ್ಧ ತಲೆನೋವು ಹೋಯಿತು. ನಾವೂ 'ಬರ್ತೀನಿ' ಅಂದರೆ ಸಾಕು, 'ನಾನು' ಬೇಕಿಲ್ಲ ಅಲ್ವಾ? ಅಲ್ಲೂ ಯಾರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇದೆ.

ಆಮೇಲೆ ದಾವಣಗೆರೆಯ ಮಂಡಕ್ಕಿ-ಮಿರ್ಚಿ ಅಂಗಡಿಯೇ ನನ್ನ ಕ್ಲಾಸು. ಕೊನೆಯ 'ಆರ್' ಕಿತ್ತು, ನಾನು ಕೊಂಡರೆ 'ಕೊಂಪ್ರೊ ಮಂಡಕ್ಕಿ'. ನೀನಾದರೆ ಕೊಂಪ್ರಾಸ್. ತಮ್ಮ ಕೊಂಡರೆ ಕೊಂಪ್ರಾ, ನಾವಿಬ್ಬರೂ ಸೇರಿ ಕೊಂಡರೆ ಕೊಂಪ್ರಾಮೊಸ್, ಪಕ್ಕದ ಬೆಂಚಿನವರು ಕೊಂಪ್ರಾನ್. ಸುಮ್ನೆ ಮನಸ್ಸಲ್ಲೇ ಹೇಳಿಕೊಳ್ಳೋದು, ಜೋರಾಗಿ ಅಲ್ಲ!

ಕಾಡಿದ್ದು 'ಉಸ್ತೆದ್'. ಗೌರವದ 'ನೀವು' ಅದು, ಆದರೆ ಬಾಲ ಮಾತ್ರ ತಮ್ಮನದ್ದೇ: ಕೊಂಪ್ರಾ ಉಸ್ತೆದ್. ಆಬ್ಲಾರ್, ಅಂದರೆ ಮಾತಾಡುವುದು, ಅದಕ್ಕೂ ಇವೇ ಬಾಲಗಳು.