ಸೆನ್ಸರ್ ಕೋಡ್ ಬಂದಾಗ ಮೊದಲು ಹಿಡಿಯಬೇಕಾದದ್ದು ಮೀಟರ್, ಸ್ಪ್ಯಾನರ್ ಅಲ್ಲ

ಎಕ್ಸ್‌ಕವೇಟರ್‌ನ ಡಿಸ್‌ಪ್ಲೇಯಲ್ಲಿ ಎಸ್‌ಪಿಎನ್ 100, ಎಫ್‌ಎಂಐ 4 ಎಂದು ಬಂದಿದೆ ಎಂದುಕೊಳ್ಳಿ. ಎಂಜಿನ್ ಪವರ್ ಕಡಿತವಾಗಿದೆ, ಕೆಲಸ ನಿಂತಿದೆ. 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್. ಸೈಟುಗಳಲ್ಲಿ ಇಂಥ ಹೊತ್ತಿಗೆ ಹೊಸ ಸೆನ್ಸರ್ ತರಿಸಿ ಹಾಕಿಬಿಡುವುದು ರೂಢಿ. ಕೋಡ್ ಹಾಗೇ ಉಳಿದರೆ ಇನ್ನೊಂದು ಸೆನ್ಸರ್, ಅದಕ್ಕೂ ಹೋಗದಿದ್ದರೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಮೇಲೆ ಅನುಮಾನ. ಕೋಡ್ ಹೆಸರಿಸುವುದು ಸೆನ್ಸರನ್ನಲ್ಲ, ಆ ಸೆನ್ಸರ್‌ನಿಂದ ಇಸಿಎಂ ತನಕ ಇರುವ ಇಡೀ ಸರ್ಕ್ಯೂಟನ್ನು. ವೈರು, ಪಿನ್ನು, ಕನೆಕ್ಟರು ಎಲ್ಲ ಅದರಲ್ಲೇ ಸೇರಿವೆ, ಮತ್ತು ಕೆಡುವುದು ಹೆಚ್ಚಾಗಿ ಅವೇ.

ಕೋಡಿನ ಎರಡನೇ ಭಾಗ ಓದುವುದನ್ನು ಬಿಡಬೇಡಿ. ಭಾರಿ ಮೆಷಿನ್ನುಗಳ ಕೋಡಿಗೆ ಬಳಸುವ ಜೆ1939 ಪದ್ಧತಿಯಲ್ಲಿ ಎಸ್‌ಪಿಎನ್ ಯಾವ ಅಳತೆ ಎಂದು ಹೇಳಿದರೆ, ಎಫ್‌ಎಂಐ ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ. 3 ಎಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಎಂದರೆ ಕಡಿಮೆ, 2 ಎಂದರೆ ರೀಡಿಂಗ್ ಅಡ್ಡಾದಿಡ್ಡಿ. ಇವು ಮೂರೂ ಸಾಮಾನ್ಯವಾಗಿ ವಿದ್ಯುತ್ತಿನ ತಕರಾರು. ಎಸ್‌ಪಿಎನ್ 100ಕ್ಕೆ ಎಫ್‌ಎಂಐ 1 ಬಂದರೆ ಮಾತೇ ಬೇರೆ. ಸೆನ್ಸರ್ ಸರಿಯಾಗಿಯೇ ಅಳೆಯುತ್ತಿದೆ, ಪ್ರೆಶರ್ ನಿಜವಾಗಿ ಇಳಿದಿದೆ ಎಂದು ಅರ್ಥ. ತಕ್ಷಣ ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಮೆಕ್ಯಾನಿಕಲ್ ಗೇಜ್ ಹಾಕಿ ಪ್ರೆಶರ್ ಅಳೆಯಿರಿ. 'ಸೆನ್ಸರ್ ಪ್ರಾಬ್ಲಮ್ ಇರಬೇಕು' ಎಂದುಕೊಂಡು ಅರ್ಧ ಗಂಟೆ ಓಡಿಸಿದರೂ ಬೇರಿಂಗ್ ಹೋಗುತ್ತದೆ.

ಶುರು ಮಾಡುವ ಮೊದಲು ಬಕೆಟ್ ನೆಲಕ್ಕಿಡಿ, ಕೋಡುಗಳನ್ನೂ ಅವು ಎಷ್ಟು ಸಲ ಬಂದಿವೆ ಎಂಬುದನ್ನೂ ಬರೆದುಕೊಳ್ಳಿ. ಕ್ಲಿಯರ್ ಮಾಡುವುದು ಕೊನೆಗೆ. 24 ವೋಲ್ಟ್ ಮೆಷಿನ್ನಿನಲ್ಲಿ ಎಂಜಿನ್ ಆಫ್ ಇದ್ದಾಗ ಬ್ಯಾಟರಿ 25 ವೋಲ್ಟ್ ಮೇಲೆ, ಓಡುವಾಗ 27ರಿಂದ 28.5ರ ನಡುವೆ ಇರಬೇಕು. ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೆ ಸಂಬಂಧವೇ ಇಲ್ಲದ ಐದಾರು ಕೋಡು ಒಟ್ಟಿಗೆ ಬರುತ್ತವೆ.

ಈಗ ಮೂರು ವೈರಿನ ಪ್ರೆಶರ್ ಸೆನ್ಸರ್. ಒಂದು 5 ವೋಲ್ಟ್ ಸಪ್ಲೈ, ಒಂದು ಗ್ರೌಂಡ್, ಒಂದು ಸಿಗ್ನಲ್. ಯಾವ ಪಿನ್ ಯಾವುದಕ್ಕೆ ಎಂಬುದನ್ನು ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಿ. ನಮ್ಮಲ್ಲಿ ಎಕ್ಸ್‌ಕವೇಟರ್ ಎಲ್ಲವೂ 'ಹಿಟಾಚಿ', ಬ್ಯಾಕ್‌ಹೋ ಎಲ್ಲವೂ 'ಜೆಸಿಬಿ'. ಆದರೆ ಮೆಷಿನ್ ಬದಲಾದರೆ ಪಿನ್ನಿನ ಕ್ರಮವೂ ಬದಲಾಗುತ್ತದೆ.

ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹಾರ್ನೆಸ್ (ವೈರುಗಳ ಕಟ್ಟು) ಕಡೆಯ ಸಪ್ಲೈ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ನಡುವೆ 4.75ರಿಂದ 5.25 ವೋಲ್ಟ್ ಸಿಗಬೇಕು. ಸಿಗದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ಮತ್ತೆ ಅಳೆಯಿರಿ. ಈಗ 5 ವೋಲ್ಟ್ ಬಂದರೆ ಕಡಿದಿರುವುದು ಗ್ರೌಂಡ್ ವೈರ್. ಆಗಲೂ ಬರದಿದ್ದರೆ ಸಪ್ಲೈ ವೈರ್ ಕಡಿದಿದೆ, ಇಲ್ಲವೇ ಅದೇ 5 ವೋಲ್ಟನ್ನು ಹಂಚಿಕೊಂಡಿರುವ ಬೇರೆ ಸೆನ್ಸರ್ ಶಾರ್ಟ್ ಆಗಿ ಎಲ್ಲವನ್ನೂ ಎಳೆದು ಕೂರಿಸಿದೆ. ಸೆನ್ಸರ್ ಸಪ್ಲೈ ವೋಲ್ಟೇಜಿನ ಕೋಡುಗಳಾದ ಎಸ್‌ಪಿಎನ್ 3509 ಅಥವಾ 620 ಜೊತೆಗಿದ್ದರೆ ಈ ಎರಡನೆಯದನ್ನೇ ಮೊದಲು ಅನುಮಾನಿಸಿ. ಮೀಟರನ್ನು ಅಲ್ಲೇ ಹಿಡಿದು, ಆ ಲೈನಿನ ಸೆನ್ಸರುಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿಸಿ. ಯಾವುದು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ.

ಸಪ್ಲೈ, ಗ್ರೌಂಡ್ ಎರಡೂ ಸರಿಯಿದ್ದರೆ ಕನೆಕ್ಟರ್ ಮತ್ತೆ ಹಾಕಿ, ಹಿಂಬದಿಯ ಸೀಲಿನ ಪಕ್ಕದಿಂದ ತೆಳು ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ಎಂಜಿನ್ ನಿಂತಿರುವಾಗ ಸಾಮಾನ್ಯವಾಗಿ 0.5 ವೋಲ್ಟ್ ಆಸುಪಾಸು ಇರುತ್ತದೆ. ಮೀಟರಿನ ದಪ್ಪ ಕಡ್ಡಿಯನ್ನು ಪಿನ್ನಿನ ತೂತಿಗೆ ಒತ್ತಲೇಬೇಡಿ. ತೂತು ಅಗಲವಾಗಿ, ಇಂದಿಲ್ಲದ ಲೂಸ್ ಕಾಂಟ್ಯಾಕ್ಟ್ ಮುಂದಿನ ವಾರ ಹುಟ್ಟುತ್ತದೆ. ವೈರಿನ ಮೇಲ್ಪದರ ಚುಚ್ಚಿ ಅಳೆಯುವುದೂ ಬೇಡ, ಆ ಚುಚ್ಚಿದ ಜಾಗದಿಂದಲೇ ನೀರು ಒಳಗಿಳಿದು ತಾಮ್ರ ಹಸಿರುಗಟ್ಟುತ್ತದೆ.

ಎರಡು ವೈರಿನ ಕೂಲಂಟ್ ಟೆಂಪರೇಚರ್ ಸೆನ್ಸರಿಗೆ ಇನ್ನೂ ಸುಲಭದ ದಾರಿಯಿದೆ. ಕನೆಕ್ಟರ್ ಬಿಚ್ಚಿದಾಗ ಎಸ್‌ಪಿಎನ್ 110ಕ್ಕೆ ಎಫ್‌ಎಂಐ 3 ಬರಬೇಕು. ಹಾರ್ನೆಸ್ ಕಡೆಯ ಎರಡು ಪಿನ್ನನ್ನು ಚಿಕ್ಕ ವೈರಿನಿಂದ ಸೇರಿಸಿದರೆ 4 ಬರಬೇಕು. ಎರಡೂ ಬಂದರೆ ವೈರಿಂಗೂ ಇಸಿಎಮ್ಮೂ ಸರಿ, ಸೆನ್ಸರ್ ಬದಲಿಸಿ. ಈ ಜಂಪರ್ ಉಪಾಯವನ್ನು ಮೂರು ವೈರಿನ ಸೆನ್ಸರಿನ ಸಪ್ಲೈ ಪಿನ್ನಿನ ಮೇಲೆ ಮಾಡಬೇಡಿ.

ಕಣ್ಣಿನಿಂದ ನೋಡುವುದನ್ನೂ ಅವಸರದಲ್ಲಿ ಮುಗಿಸಬೇಡಿ. ಕ್ಲ್ಯಾಂಪ್ ಕಳಚಿ ಹಾರ್ನೆಸ್ ಬ್ರಾಕೆಟ್ಟಿನ ಅಂಚಿಗೆ ಉಜ್ಜುವ ಜಾಗ, ಸ್ಟಾರ್ಟರ್ ಹತ್ತಿರ, ಪ್ರೆಶರ್ ವಾಷಿನ ನೀರು ನೇರ ಬೀಳುವ ಕನೆಕ್ಟರ್, ಇಲಿ ಕಚ್ಚಿದ ಗುರುತು. ಕನೆಕ್ಟರ್ ಒಳಗೆ ಆಯಿಲ್ ಕಂಡರೆ ಸೆನ್ಸರ್ ಒಳಗಿನ ಸೀಲ್ ಹೋಗಿದೆ. ಆ ಆಯಿಲ್ ತಾಮ್ರದ ಎಳೆಗಳ ನಡುವೆ ಹೀರಿಕೊಂಡು ಇಸಿಎಂ ತನಕ ಹೋಗಬಲ್ಲದು, ಆದ್ದರಿಂದ ಇಸಿಎಂ ಕಡೆಯ ಕನೆಕ್ಟರನ್ನೂ ಬಿಚ್ಚಿ ನೋಡಿ. ಬಂದು ಹೋಗುವ ಫಾಲ್ಟ್ ಆದರೆ ಎಂಜಿನ್ ಓಡುವಾಗ ರೀಡಿಂಗ್ ನೋಡುತ್ತ, ತಿರುಗುವ ಭಾಗಗಳಿಂದ ದೂರವಿದ್ದು ಹಾರ್ನೆಸ್ಸನ್ನು ಅಂಗೈ ಅಗಲಕ್ಕೊಂದು ಕಡೆ ಹಿಡಿದು ಅಲ್ಲಾಡಿಸಿ.

ಡಯಾಗ್ನೋಸ್ಟಿಕ್ ಟೂಲ್ ಇದ್ದರೆ ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೀ ಆನ್ ಮಾಡಿ. ಕೂಲಂಟ್, ಇಂಟೇಕ್ ಗಾಳಿ, ಡೀಸೆಲ್, ಮೂರರ ಉಷ್ಣಾಂಶವೂ ಹೆಚ್ಚುಕಡಿಮೆ ಒಂದೇ ಇರಬೇಕು. ಆಯಿಲ್ ಪ್ರೆಶರ್ ಸೊನ್ನೆ. ಬೂಸ್ಟ್ ಸೆನ್ಸರ್ (ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುವ ಜಾತಿಯದಾದರೆ ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಹತ್ತಿರ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಹತ್ತಿರ. ಗುಂಪಿನಿಂದ ಹೊರಗುಳಿದ ಸೆನ್ಸರ್ ತಾನಾಗಿ ಸಿಕ್ಕಿಬೀಳುತ್ತದೆ. ಸ್ಟಾರ್ಟರ್ ತಿರುಗಿದರೂ ಆರ್‌ಪಿಎಂ ಸೊನ್ನೆಯಲ್ಲೇ ನಿಂತರೆ ಎಂಜಿನ್ ತಿರುಗುವ ವೇಗ ಅಳೆಯುವ ಕ್ರ್ಯಾಂಕ್ ಸೆನ್ಸರ್ ಬಿಚ್ಚಿ ತುದಿ ನೋಡಿ. ಆಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಒರೆಸಿದರೇ ಎಷ್ಟೋ ಸಲ ಸರಿಹೋಗುತ್ತದೆ.

ಇಂಜೆಕ್ಟರುಗಳಿಗೆ ಡೀಸೆಲ್ ಕೊಡುವ ಕೊಳವೆಯ (ರೈಲ್) ಪ್ರೆಶರ್ ಸೆನ್ಸರನ್ನು ಮಾತ್ರ ಎಂಜಿನ್ ಓಡುವಾಗ ಮುಟ್ಟಬೇಡಿ. ಒಳಗೆ 1,000 ಬಾರ್‌ಗಿಂತ ಹೆಚ್ಚು ಒತ್ತಡ ಇರಬಹುದು, ಆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಬಕೆಟ್ ವೆಲ್ಡಿಂಗ್ ಆದ ದಿನದಿಂದ ಕೋಡುಗಳು ಶುರುವಾಗಿದ್ದರೆ ಆಪರೇಟರನ್ನು ಅದನ್ನೇ ಕೇಳಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಬೇಕು, ಇಸಿಎಂ ಕನೆಕ್ಟರ್ ಕಳಚಬೇಕು, ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಬೇಕು.

ರಿಪೇರಿ ಮುಗಿದ ಮೇಲೆ ಕೋಡ್ ಕ್ಲಿಯರ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಲೋಡಿನಲ್ಲಿ ಓಡಿಸಿ, ಶಿಫ್ಟ್ ಮುಗಿದಾಗ ಮತ್ತೊಮ್ಮೆ ಕೋಡ್ ಪಟ್ಟಿ ತೆರೆದು ನೋಡಿ.